ಬಾನಿನ ಬಯಲಾಟ

ನಮ್ಮ ಭಾಷೆಯಲ್ಲಿ ಆಟ ಎಂಬ ಮಾತಿಗೆ ಎರಡು ಮುಖಗಳಿವೆ. ಮಕ್ಕಳು ಹೊತ್ತು ಕಳೆಯಲು ಆಡುವುದೂ ಆಟವೇ. ಮೂಡಲಪಾಯದ ಭಾಗವತರು ರಾತ್ರಿಯಿಡೀ ನಡೆಸಿಕೊಡುವುದೂ ಆಟವೇ. ಮೊದಲನೆಯದಕ್ಕೆ ಮನಸ್ಸು ಬಂದರೆ ಸಾಕು. ಎರಡನೆಯದಕ್ಕೆ ಬಯಲು ಬೇಕು, ಪಳಗಿದ ಆಟಗಾರ ಬೇಕು, ಅವನ ಮೈಗೊಪ್ಪುವ ವೇಷ ಬೇಕು, ಕುಣಿತಕ್ಕೆ ತಕ್ಕ ಮದ್ದಳೆ ಬೇಕು. ನೆಲದ ಮೇಲೆ ನಿಂತು ರೇಡಿಯೋ ಅಲೆಗಳ ಮೂಲಕ ನಡೆಸುವ ಪುಟ್ಟ ವಿಮಾನವನ್ನು ಜನ ಆಟದ ವಿಮಾನವೆಂದು ಕರೆಯುತ್ತಾರೆ. ಹೆಸರೇನೋ ಸರಿಯಾಗಿಯೇ ಇದೆ. ಆದರೆ ಅದು ಮಕ್ಕಳಾಟದ ಅರ್ಥದಲ್ಲಿ ಅಲ್ಲ, ಬಯಲಾಟದ ಅರ್ಥದಲ್ಲಿ.

ಅರಸೀಕೆರೆ, ಹಳೇಬೀಡು, ಬೇಲೂರುಗಳ ಕಡೆಯ ತರುಣರಲ್ಲಿ ಇತ್ತೀಚೆಗೆ ಈ ಹವ್ಯಾಸ ಮೊಳೆಯುತ್ತಿರುವುದನ್ನು ನಾನು ಕಂಡಿದ್ದೇನೆ. ಹಾರಿಸಲು ಒಂದಿಷ್ಟು ಕಲಿತವರು ಮುಂದೆ ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಬಾನಿನಲ್ಲಿ ಲಾಗ ಹಾಕಿಸಬೇಕು, ಅದಕ್ಕೆ ಯಾವ ಎಂಜಿನ್ ಕೊಳ್ಳಲಿ? ಪ್ರಶ್ನೆ ಸಹಜವಾದದ್ದು. ಎಂಜಿನ್ನಿಗೆ ಸದ್ದಿದೆ, ಹೊಗೆಯಿದೆ, ಹೊಳಪಿದೆ. ಕಣ್ಣು ಮೊದಲು ಅತ್ತ ಹೋಗುತ್ತದೆ. ಆದರೆ ಮದ್ದಳೆಯನ್ನು ಮೊದಲು ಕೊಂಡು, ಆಮೇಲೆ ಪ್ರಸಂಗವನ್ನು ಹುಡುಕುವವರುಂಟೆ? ಆಯ್ಕೆಯ ಕ್ರಮ ಬಯಲಿನಿಂದ ಆರಂಭವಾಗಬೇಕು. ಅಲ್ಲಿಂದ ವಿಮಾನಕ್ಕೆ, ವಿಮಾನದಿಂದ ಎಂಜಿನ್ನಿಗೆ ಬರಬೇಕು. ಈ ಕ್ರಮ ತಪ್ಪಿದರೆ ಒಂದು ವರ್ಷ ಕೂಡಿಟ್ಟ ಹಣ ಒಂದೇ ಮಧ್ಯಾಹ್ನದಲ್ಲಿ ಕಡ್ಡಿಯ ರಾಶಿಯಾಗುತ್ತದೆ. ಅದಕ್ಕಿಂತ ಕೆಟ್ಟದ್ದೂ ಆಗಬಹುದು. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಈ ವಿದ್ಯೆಯ ವಂಶಾವಳಿಯನ್ನು ಸಂಕ್ಷೇಪವಾಗಿ ನೋಡೋಣ. ವಿಮಾನವೊಂದು ಬಾನಿನಲ್ಲಿ ಲಂಬವಾದ ಪೂರ್ಣ ವರ್ತುಲವನ್ನು ಬರೆದದ್ದು 1913ರಲ್ಲಿ. ಕೀವ್ ನಗರದ ಮೇಲೆ ಅದನ್ನು ಸಾಧಿಸಿದವನು ರಷ್ಯದ ಸೇನೆಯ ವೈಮಾನಿಕ ಪ್ಯೋತ್ರ್ ನೆಸ್ತೆರೋವ್. ಇಪ್ಪತ್ತನಾಲ್ಕು ವರ್ಷಗಳ ಬಳಿಕ, 1937ರ ಸುಮಾರಿಗೆ, ಅಮೆರಿಕದ ವಾಲ್ಟರ್ ಗುಡ್ ಮತ್ತು ವಿಲಿಯಂ ಗುಡ್ ಎಂಬ ಅವಳಿ ಸಹೋದರರು 'ಗಫ್' ಎಂಬ ಮಾದರಿ ವಿಮಾನವನ್ನು ರೇಡಿಯೋ ಮೂಲಕ ನಡೆಸಿ ತೋರಿಸಿದರು. 1947ರಲ್ಲಿ ರೇ ಆರ್ಡನ್ ಎಂಬಾತ ಗ್ಲೋ ಪ್ಲಗ್ಗನ್ನು ಮಾರುಕಟ್ಟೆಗೆ ತಂದ ಮೇಲೆ ಪುಟ್ಟ ಎಂಜಿನ್ನುಗಳಿಗೆ ಬ್ಯಾಟರಿ, ಕಾಯಿಲ್‌ಗಳನ್ನು ಹೊತ್ತು ಹಾರುವ ಹೊರೆ ತಪ್ಪಿತು. 1960ರಲ್ಲಿ ಸ್ವಿಟ್ಜರ್ಲೆಂಡಿನ ಡ್ಯೂಬೆನ್‌ಡಾರ್ಫ್‌ನಲ್ಲಿ ರೇಡಿಯೋ ವಿಮಾನಗಳ ಲಾಗದಾಟಕ್ಕೆ ಮೊದಲ ವಿಶ್ವಸ್ಪರ್ಧೆ ನಡೆಯಿತು.

ನಮ್ಮ ನಾಡು ಇದಕ್ಕೆ ಹೊರಗಿನದಲ್ಲ. 1940ರಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಹುಟ್ಟಿತು. ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ಅಲ್ಲಿ ರೂಪುಗೊಂಡ ಎಚ್‌ಟಿ-2 ತರಬೇತಿ ವಿಮಾನ 1951ರ ಆಗಸ್ಟಿನಲ್ಲಿ ಮೊದಲು ಹಾರಿತು. ಲಾಗ ಹಾಕಬಲ್ಲ ವಿಮಾನವೇ ಅದು. 1964ರಲ್ಲಿ ಹಾರಿದ ಕಿರಣ್, 1996ರಲ್ಲಿ ಬೀದರಿನಲ್ಲಿ ಕಟ್ಟಿದ ಸೂರ್ಯಕಿರಣ ತಂಡದ ವಾಹನವಾಗಿ ದೇಶದ ತುಂಬ ಹೆಸರಾಯಿತು. ಯಲಹಂಕದ ವೈಮಾನಿಕ ಪ್ರದರ್ಶನದಲ್ಲಿ ಆ ತಂಡದ ಆಟವನ್ನು ಕತ್ತು ನೋಯುವಷ್ಟು ಹೊತ್ತು ನೋಡಿ ಬಂದ ಹುಡುಗರೇ ನನ್ನನ್ನು ಎಂಜಿನ್ನಿನ ಪ್ರಶ್ನೆ ಕೇಳುವವರಲ್ಲಿ ಹೆಚ್ಚು.

ಈಗ ಬಯಲಿಗೆ ಬರೋಣ. ಅರಸೀಕೆರೆಯ ಸೀಮೆ ತೆಂಗಿನ ಸೀಮೆ. ಅಲ್ಲಿ ಬೇಸಗೆಯಲ್ಲಿ ಒಣಗಿದ ಕೆರೆಯಂಗಳ ಸಿಕ್ಕಿದರೆ ಅದಕ್ಕಿಂತ ಒಳ್ಳೆಯ ಹಾರುದಾಣ ಬೇರಿಲ್ಲ: ನೆಲ ಸಮ, ಸುತ್ತ ತೆರಪು, ಏರಿಯ ಕಡೆಯೊಂದನ್ನು ಬಿಟ್ಟರೆ ಅಡ್ಡಿಯಿಲ್ಲ. ಆದರೆ ಅಂಗಳದಾಚೆ ತೋಟಗಳಿವೆ; ಇಪ್ಪತ್ತು ಮೀಟರ್ ಎತ್ತರದ ತೆಂಗಿನ ಸಾಲು ಇಳಿಯಲು ಬರುವ ವಿಮಾನಕ್ಕೆ ಗೋಡೆಯಿದ್ದಂತೆ. ಬೇಲೂರಿನ ಕಡೆಗೆ ಹೋದಂತೆ ಮಲೆನಾಡಿನ ಸೆರಗು ಹತ್ತಿರವಾಗುತ್ತದೆ. ಮಳೆ ಹೆಚ್ಚು, ಬಯಲು ಕಡಿಮೆ, ಮುಂಗಾರಿನ ತಿಂಗಳುಗಳಲ್ಲಿ ಪಡುವಣ ಗಾಳಿಯ ರಭಸ ಬೇರೆ. ಹಳೇಬೀಡು ಇವೆರಡರ ನಡುವಿನದು. ಬೇಲೂರು, ಹಳೇಬೀಡುಗಳಲ್ಲಿ ಇನ್ನೊಂದು ಮಾತನ್ನು ಖಡಾಖಂಡಿತವಾಗಿ ಹೇಳಬೇಕು: ದೇಗುಲಗಳ ಆಸುಪಾಸಿನಲ್ಲಿ ಹಾರಿಸುವ ಯೋಚನೆಯನ್ನೇ ಮಾಡಕೂಡದು. 2023ರಲ್ಲಿ ಈ ದೇಗುಲಗಳು ಸೋಮನಾಥಪುರದ ದೇಗುಲದೊಂದಿಗೆ ವಿಶ್ವಪರಂಪರೆಯ ಪಟ್ಟಿಗೆ ಸೇರಿವೆ. ಅಲ್ಲಿ ಸದಾ ಜನವಿರುತ್ತಾರೆ. ಒಂಬೈನೂರು ವರ್ಷ ಗಾಳಿ ಮಳೆಗಳನ್ನು ಸಹಿಸಿದ ಮದನಿಕೆಯ ಬೆರಳಿಗೆ ನಮ್ಮ ಪ್ರೊಪೆಲರಿನ ಪೆಟ್ಟು ಬೀಳಬೇಕಾಗಿಲ್ಲ.

ಕಾನೂನೂ ಬಯಲಿನ ಒಂದು ಭಾಗವೇ. 2021ರ ಡ್ರೋನ್ ನಿಯಮಗಳು ನಮ್ಮ ವಿಮಾನಗಳಿಗೂ ಅನ್ವಯಿಸುತ್ತವೆ. ಇಪ್ಪತ್ತೈದು ಕಿಲೋಗ್ರಾಂ ಮೀರದ, ವಿನೋದಕ್ಕೋ ಕಲಿಕೆಗೋ ಕಣ್ಣಳತೆಯ ಒಳಗೇ ಹಾರಿಸುವ ವಿಮಾನವನ್ನು ಅವು ಮಾದರಿ ವಿಮಾನವೆಂದು ಪ್ರತ್ಯೇಕವಾಗಿ ಗುರುತಿಸಿವೆ. ದೇಶದ ಆಕಾಶವನ್ನು ಹಸಿರು, ಹಳದಿ, ಕೆಂಪು ವಲಯಗಳಾಗಿ ವಿಂಗಡಿಸಿದ ನಕ್ಷೆಯಿದೆ. ಹಸಿರು ವಲಯದಲ್ಲಿ ನಾನೂರು ಅಡಿಗಳವರೆಗೆ, ಎಂದರೆ ಸುಮಾರು 120 ಮೀಟರ್‌ಗಳವರೆಗೆ, ಹಾರಾಟಕ್ಕೆ ಮುಂಗಡ ಅನುಮತಿ ಬೇಕಾಗುವುದಿಲ್ಲ. ಕೊಳ್ಳುವ ಮೊದಲೇ ಆ ನಕ್ಷೆಯಲ್ಲಿ ತಮ್ಮ ಬಯಲು ಎಲ್ಲಿದೆ, ತಮ್ಮ ತೂಕದ ವಿಮಾನಕ್ಕೆ ನೋಂದಣಿಯ ಕಟ್ಟುಪಾಡೇನು ಎಂಬುದನ್ನು ನೋಡಿಕೊಳ್ಳುವುದು ಜಾಣತನ. ಬಯಲಿನ ಒಡೆಯನನ್ನೂ ಊರಿನ ಹಿರಿಯರನ್ನೂ ಕೇಳಿಕೊಳ್ಳುವುದು ಕಾನೂನಿಗಿಂತ ಹಳೆಯ ಮರ್ಯಾದೆ.

ಈ 120 ಮೀಟರಿನ ಮಿತಿ ನಮ್ಮ ಆಯ್ಕೆಯನ್ನು ಅರ್ಧಕ್ಕರ್ಧ ತೀರ್ಮಾನಿಸಿಬಿಡುತ್ತದೆ ಎಂಬುದನ್ನು ಗಮನಿಸಿ. ವಿಶ್ವಸ್ಪರ್ಧೆಯ ವಿಮಾನಗಳಿಗೆ ಎರಡು ಮೀಟರ್ ರೆಕ್ಕೆ, ಎರಡು ಮೀಟರ್ ಉದ್ದ, ಐದು ಕಿಲೋಗ್ರಾಂ ತೂಕದ ಗಡಿಯುಂಟು. ಅಷ್ಟು ದೊಡ್ಡದಾದ ವಿಮಾನ ಗಂಭೀರವಾಗಿ ಲಾಗ ಹಾಕಬೇಕಾದರೆ ಇನ್ನೂ ಹೆಚ್ಚಿನ ಆಕಾಶ ಬೇಕು. ಅದಕ್ಕಿಂತ ಚಿಕ್ಕದಾದ, ಒಂದೂವರೆ ಮೀಟರ್ ರೆಕ್ಕೆಯ ವಿಮಾನ ಗಂಟೆಗೆ 90 ಕಿಲೋಮೀಟರ್ ವೇಗದಲ್ಲಿ ಸುಮಾರು ಮೂವತ್ತು ಮೀಟರ್ ತ್ರಿಜ್ಯದ ವರ್ತುಲವನ್ನು ಆರಾಮವಾಗಿ ಬರೆಯುತ್ತದೆ. ವರ್ತುಲದ ಎತ್ತರ ಅರವತ್ತು ಮೀಟರ್. ಕೆಳಗೆ ನಲವತ್ತು ಮೀಟರಿನ ಅಂತರ ಬಿಟ್ಟರೂ ಮಿತಿಯ ಒಳಗೇ ಆಟ ಮುಗಿಯುತ್ತದೆ. ಇದಕ್ಕಿಂತ ತೀರ ಚಿಕ್ಕದಾದರೆ ನಮ್ಮ ಬಿಳಿಚಿದ ಬೇಸಗೆಯ ಬಾನಿನಲ್ಲಿ ಅದು ಮೇಲ್ಮುಖವಾಗಿದೆಯೋ ಮಗುಚಿದೆಯೋ ಕಣ್ಣಿಗೆ ತಿಳಿಯದು. ಹಾಗಾಗಿ ಒಂದೂವರೆ ಮೀಟರ್ ಎಂಬುದು ಅರಸೀಕೆರೆಯ ಬಯಲಿಗೆ ಹೊಂದುವ ಅಳತೆ. ರೆಕ್ಕೆಯ ಬೆನ್ನಿಗೆ ಒಂದು ಬಣ್ಣ, ಹೊಟ್ಟೆಗೆ ಅದರಿಂದ ತೀರ ಬೇರೆಯಾದ ಇನ್ನೊಂದು ಬಣ್ಣ ಇರತಕ್ಕದ್ದು; ಇದು ಅಲಂಕಾರವಲ್ಲ, ಅಗತ್ಯ.

ಸೂರ್ಯನ ವಿಷಯವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಯೂರೋಪಿನ ಪುಸ್ತಕಗಳು ಉತ್ತರಕ್ಕೆ ಮುಖಮಾಡಿ ನಿಲ್ಲಿರಿ, ಸೂರ್ಯ ಬೆನ್ನ ಹಿಂದಿರುತ್ತಾನೆ ಎನ್ನುತ್ತವೆ. ನಾವಿರುವುದು ಹದಿಮೂರನೆಯ ಅಕ್ಷಾಂಶದ ಬಳಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ನಡುಹಗಲ ಸೂರ್ಯ ನಮ್ಮ ಉತ್ತರದಲ್ಲಿರುತ್ತಾನೆ. ಆದ್ದರಿಂದ ನಮಗೆ ಹೊತ್ತು ನೋಡಿ ದಿಕ್ಕು ಹಿಡಿಯುವುದೇ ದಾರಿ: ಬೆಳಗ್ಗೆ ಪಡುವಣಕ್ಕೆ, ಸಂಜೆ ಮೂಡಣಕ್ಕೆ ಮುಖಮಾಡಿ ನಿಲ್ಲುವುದು, ನಡುಹಗಲು ವಿಮಾನವನ್ನು ನೆರಳಿನಲ್ಲಿಟ್ಟು ಬುತ್ತಿ ಬಿಚ್ಚುವುದು.

ಬಯಲಿನ ಕಡೆಯ ಗುಣ ಗಾಳಿಯದು. ಈ ಮೂರು ಊರುಗಳು ಸಮುದ್ರಮಟ್ಟಕ್ಕಿಂತ ಸುಮಾರು 800ರಿಂದ 1000 ಮೀಟರ್ ಎತ್ತರದಲ್ಲಿವೆ. ಎತ್ತರ ಹೆಚ್ಚಿದಂತೆ ಗಾಳಿ ತೆಳುವಾಗುತ್ತದೆ. ಬಿಸಿಲೇರಿದಂತೆ ಇನ್ನಷ್ಟು ತೆಳುವಾಗುತ್ತದೆ. ಮೂವತ್ತು ಡಿಗ್ರಿ ಸೆಲ್ಸಿಯಸ್ ಬಿಸಿಲಿರುವ ದಿನ ಇಲ್ಲಿನ ಗಾಳಿಯ ಸಾಂದ್ರತೆ, ಗ್ರಂಥಗಳು ಆಧಾರವಾಗಿ ಹಿಡಿಯುವ ಸಮುದ್ರಮಟ್ಟದ ತಂಪು ಗಾಳಿಗಿಂತ ಸುಮಾರು ಏಳರಲ್ಲಿ ಒಂದು ಪಾಲು ಕಡಿಮೆ. ಪೆಟ್ಟಿಗೆಯ ಮೇಲೆ ತಯಾರಕ ಮುದ್ರಿಸಿದ ಅಂಕಿಗಳಲ್ಲಿ ಈ ಏಳನೆಯ ಪಾಲನ್ನು ಕಳೆದೇ ನಾವು ಲೆಕ್ಕ ಹಾಕಬೇಕು. ರೆಕ್ಕೆಗೆ ಆಸರೆ ಕಡಿಮೆ, ಪ್ರೊಪೆಲರಿಗೆ ಹಿಡಿತ ಕಡಿಮೆ, ಎಂಜಿನ್ನಿಗೆ ಉಸಿರು ಕಡಿಮೆ. ಮಂಗಳೂರಿನ ಕಡಲತೀರದಲ್ಲಿ ಹೂವಿನಂತೆ ಹಾರಿದ ವಿಮಾನ ಅರಸೀಕೆರೆಯ ಏಪ್ರಿಲ್ಲಿನಲ್ಲಿ ಸೊಂಟ ಹಿಡಿದಂತೆ ಏರಿದರೆ ಆಶ್ಚರ್ಯವಿಲ್ಲ.

ಇನ್ನು ವಿಮಾನ. ಕಲಿಯುವವನ ವಿಮಾನದ ರೆಕ್ಕೆ ಮೈಯ ಮೇಲ್ಗಡೆ ಇರುತ್ತದೆ. ಅದರ ಹೊಟ್ಟೆ ಚಪ್ಪಟೆ, ಬೆನ್ನು ಉಬ್ಬು. ತುದಿಗಳು ತುಸು ಮೇಲಕ್ಕೆ ಎದ್ದಿರುತ್ತವೆ. ಇವೆಲ್ಲದರ ಉದ್ದೇಶ ಒಂದೇ: ಆಟಗಾರ ಕೈಬಿಟ್ಟರೆ ವಿಮಾನ ತಾನಾಗಿ ನೆಟ್ಟಗಾಗಬೇಕು. ಲಾಗದ ವಿಮಾನದಲ್ಲಿ ಈ ಸದ್ಗುಣವೇ ದುರ್ಗುಣ. ಮಗುಚಿ ಹಾರಿಸಬೇಕೆಂದಾಗ ತಾನೇ ಎದ್ದು ಕೂರಲೆಣಿಸುವ ವಿಮಾನ ಆಟಗಾರನ ಮಾತನ್ನು ಕೇಳುವುದಿಲ್ಲ. ಆದ್ದರಿಂದ ಇಲ್ಲಿ ರೆಕ್ಕೆ ಮೈಯ ನಡುವಿಗೆ ಅಥವಾ ಕೆಳಕ್ಕೆ ಇಳಿಯುತ್ತದೆ. ತುದಿಗಳು ಹೆಚ್ಚುಕಡಿಮೆ ನೇರವಾಗುತ್ತವೆ. ಅದರ ಬೆನ್ನೂ ಹೊಟ್ಟೆಯೂ ಒಂದೇ ಬಾಗಿನವಾಗುತ್ತವೆ. ಇಂಥ ಸಮಾಂಗ ರೆಕ್ಕೆಗೆ ಮೇಲು ಕೆಳಗೆಂಬ ಪಕ್ಷಪಾತವಿಲ್ಲ. ಇಟ್ಟ ಕಡೆ ಇರುತ್ತದೆ, ತಿರುಗಿಸಿದಷ್ಟು ತಿರುಗುತ್ತದೆ. ಅದರ ವಿಧೇಯತೆಯೇ ಅದರ ಅಪಾಯವೂ ಹೌದು. ತಪ್ಪು ಆಜ್ಞೆಯನ್ನೂ ಅದು ಅಷ್ಟೇ ಚೊಕ್ಕವಾಗಿ ಪಾಲಿಸುತ್ತದೆ.

ಇಂಥವುಗಳಲ್ಲೂ ಮೆಟ್ಟಿಲುಗಳಿವೆ. ಮೊದಲ ಮೆಟ್ಟಿಲಿಗೆ ನಾನು ಸೂಚಿಸುವುದು 'ಸ್ಟಿಕ್' ಎಂದು ಹೆಸರಾದ ಬಗೆಯನ್ನು. ಅಮೆರಿಕದ ಫಿಲ್ ಕ್ರಾಫ್ಟ್ 1960ರ ದಶಕದಲ್ಲಿ ರೂಪಿಸಿದ 'ಅಗ್ಲಿ ಸ್ಟಿಕ್' ಇದರ ಮೂಲಪುರುಷ. ಕಡ್ಡಿಪೆಟ್ಟಿಗೆಯಂಥ ಮೈ, ಹಲಗೆಯಂಥ ಅಗಲ ರೆಕ್ಕೆ; ಸೌಂದರ್ಯದ ಹಂಗಿಲ್ಲ ಎಂಬುದನ್ನು ಹೆಸರೇ ಒಪ್ಪಿಕೊಂಡಿದೆ. ಆದರೆ ಅದು ನಿಧಾನವಾಗಿ ಇಳಿಯುತ್ತದೆ, ಬಹುಪಾಲು ಲಾಗಗಳನ್ನು ಹಾಕುತ್ತದೆ, ಮುರಿದರೆ ಮನೆಯ ಜಗಲಿಯಲ್ಲೇ ರಿಪೇರಿಯಾಗುತ್ತದೆ. ಇದೇ ಫಿಲ್ ಕ್ರಾಫ್ಟ್ 1967ರಲ್ಲಿ ತನ್ನ 'ಕ್ವಿಕ್ ಫ್ಲೈ' ವಿಮಾನದಿಂದ ವಿಶ್ವಪ್ರಶಸ್ತಿ ಪಡೆದವನು. ಚೆಲುವಾದ ವೇಗದ ವಿಮಾನ ಯಾವುದೆಂದು ಬಲ್ಲವನೇ ಕುರೂಪಿಯಾದ ಸಾಧುವನ್ನೂ ರೂಪಿಸಿದ ಎಂಬುದರಲ್ಲಿ ನಮಗೊಂದು ಪಾಠವಿದೆ. ಹನ್ನೊ ಪ್ರೆಟ್‌ನರ್ 1977ರಲ್ಲಿ ವಿಶ್ವಪ್ರಶಸ್ತಿ ಗೆದ್ದ 'ಕ್ಯುರಾರೆ'ಯಂಥ ವಿಮಾನಗಳು ಕಡೆಯ ಮೆಟ್ಟಿಲಿನವು. ಚಿತ್ರ ನೋಡಿ ಮರುಳಾಗಿ ಅವುಗಳಿಂದ ಆರಂಭಿಸುವುದು, ಬಾಲಪಾಠ ಮುಗಿಯುವ ಮುನ್ನ ಹಳಗನ್ನಡ ಕಾವ್ಯಕ್ಕೆ ಕೈಹಾಕಿದಂತೆ.

ವಿಮಾನ ಕೊಳ್ಳುವಾಗ ಕೇಳಲೇಬೇಕಾದ ಪ್ರಶ್ನೆ ತೂಕದ್ದು. ತೂಕವನ್ನು ಒಂಟಿಯಾಗಿ ನೋಡಬಾರದು. ರೆಕ್ಕೆಯ ವಿಸ್ತಾರದೊಡನೆ ಹೋಲಿಸಬೇಕು. 150 ಸೆಂಟಿಮೀಟರ್ ಉದ್ದ, 28 ಸೆಂಟಿಮೀಟರ್ ಅಗಲದ ರೆಕ್ಕೆಯ ವಿಸ್ತಾರ 42 ಚದರ ಡೆಸಿಮೀಟರ್. ವಿಮಾನ ಎರಡೂವರೆ ಕಿಲೋಗ್ರಾಂ ತೂಗಿದರೆ ಒಂದು ಚದರ ಡೆಸಿಮೀಟರಿನ ಮೇಲೆ ಸುಮಾರು 60 ಗ್ರಾಂ ಹೊರೆ ಬಿದ್ದಂತಾಯಿತು. ನಮ್ಮ ಗಾಳಿಯಲ್ಲಿ ಅಂಥ ವಿಮಾನ ಗಂಟೆಗೆ ಸುಮಾರು 36 ಕಿಲೋಮೀಟರಿಗಿಂತ ನಿಧಾನವಾದರೆ ರೆಕ್ಕೆ ಗಾಳಿಯ ಹಿಡಿತ ಕಳೆದುಕೊಂಡು ಕುಸಿಯುತ್ತದೆ. ಅದೇ ವಿಮಾನಕ್ಕೆ ಭಾರದ ಎಂಜಿನ್, ದಪ್ಪ ಬಣ್ಣ, ಗೋಂದಿನ ಮೇಲೆ ಗೋಂದು ಸೇರಿ ಮೂರು ಕಿಲೋ ಆಯಿತೆನ್ನಿ. ಕುಸಿಯುವ ವೇಗ ಗಂಟೆಗೆ 40 ಕಿಲೋಮೀಟರಿಗೆ ಏರುತ್ತದೆ. ನಾಲ್ಕೇ ಕಿಲೋಮೀಟರ್ ಎನ್ನಬೇಡಿ. ತೆಂಗಿನ ಸಾಲು ದಾಟಿ ಕೆರೆಯಂಗಳಕ್ಕೆ ಇಳಿಯುವ ಆ ಕೆಲವು ಕ್ಷಣಗಳಲ್ಲಿ ಉಳಿವು ಅಳಿವುಗಳ ಅಂತರ ಅಷ್ಟೇ ಇರುತ್ತದೆ.

ಹಾಗಾದರೆ ಎಂಥ ದ್ರವ್ಯದಿಂದ ಮಾಡಿದ್ದು ಒಳ್ಳೆಯದು? ಹೊಯ್ಸಳ ಶಿಲ್ಪಿಗಳು ತಮ್ಮ ಕೆಲಸಕ್ಕೆ ಬಳಪದ ಕಲ್ಲನ್ನು ಆರಿಸಿಕೊಂಡರು. ಕಣಿಯಿಂದ ತೆಗೆದಾಗ ಅದು ಮೆದು, ಉಳಿಗೆ ಒಗ್ಗುತ್ತದೆ, ಗಾಳಿಗೊಡ್ಡಿಕೊಂಡಂತೆ ಗಡುಸಾಗುತ್ತದೆ. ಕೆತ್ತನೆ ಎಷ್ಟು ಸೂಕ್ಷ್ಮವೋ ಅಷ್ಟು ಸೂಕ್ಷ್ಮವನ್ನು ತಾಳುವ ಕಲ್ಲನ್ನೇ ಹುಡುಕಿದ್ದು ಅವರ ವಿವೇಕ. ವಿಮಾನ ಮಾಡುವವನಿಗೆ ಅಂಥ ದ್ರವ್ಯವೆಂದರೆ ದಕ್ಷಿಣ ಅಮೆರಿಕದ ಬಾಲ್ಸಾ ಮರ. ಹಗುರ, ಆದರೆ ತೂಕಕ್ಕೆ ಹೋಲಿಸಿದರೆ ಗಟ್ಟಿ. ಅದರ ಬಿಗುವು ಲಾಗದ ಆಟದಲ್ಲಿ ಎದ್ದು ಕಾಣುತ್ತದೆ. ಈಗ ಹಗುರ ಫೋಮಿನ ವಿಮಾನಗಳೂ ಬಂದಿವೆ. ಬಿದ್ದರೆ ಬಾಗಿ ಉಳಿಯುವ ಬಗೆಯವು ಹೊಸಬನಿಗೆ ಒಳ್ಳೆಯ ಗೆಳೆಯರು. ಆದರೆ ಗಾಳಿಯ ದಿನ ತೀರ ಹಗುರವಾದದ್ದು ತರಗೆಲೆಯಾಗುತ್ತದೆ. ಬೇಲೂರಿನ ಕಡೆಯವರು ಬಾಲ್ಸಾಕ್ಕೆ ಬೇಗ ಬರುವುದು ಲೇಸು.

ತೂಕದೊಡನೆ ತೂಕದ ಕೇಂದ್ರವನ್ನೂ ನೋಡಬೇಕು. ಬೇಲೂರಿನ ಮದನಿಕೆ ಮೈಯನ್ನು ಮೂರು ಕಡೆ ಬಳುಕಿಸಿ ನಿಂತರೂ ಬೀಳುವಳೆಂದು ನೋಡುವವನಿಗೆ ಅನ್ನಿಸುವುದಿಲ್ಲ. ಭಾರ ಊರಿದ ಪಾದದ ಮೇಲೆಯೇ ಇದೆ ಎಂದು ಕಣ್ಣು ಒಪ್ಪುತ್ತದೆ. ವಿಮಾನದಲ್ಲಿ ಆ ಜಾಗ ರೆಕ್ಕೆಯ ಮುಂದಂಚಿನಿಂದ, ರೆಕ್ಕೆಯ ಅಗಲದ ಕಾಲು ಭಾಗಕ್ಕೂ ಮೂರನೆಯ ಒಂದು ಭಾಗಕ್ಕೂ ನಡುವೆ ಇರುತ್ತದೆ. ಕೇಂದ್ರ ಮುಂದಿದ್ದರೆ ವಿಮಾನ ಸೌಮ್ಯ, ಹಿಂದೆ ಸರಿದಷ್ಟೂ ಚುರುಕು. ಇನ್ನೂ ಹಿಂದೆ ಹೋದರೆ ಹುಚ್ಚು. ಕಾಲು ಭಾಗದ ಬಳಿಯಿಂದ ಆರಂಭಿಸಿ ದಿನದಿನಕ್ಕೆ ಕೂದಲೆಳೆಯಷ್ಟು ಹಿಂದೆ ಸರಿಸುವುದು ಕ್ರಮ. ಎರಡು ಬೆರಳ ತುದಿಯ ಮೇಲೆ ರೆಕ್ಕೆಯನ್ನಿಟ್ಟು ತೂಗಿ ನೋಡದೆ ಯಾವ ವಿಮಾನವನ್ನೂ ಹಾರಿಸಬಾರದು.

ಬಯಲೂ ವಿಮಾನವೂ ನಿಶ್ಚಯವಾದ ಮೇಲೆ ಎಂಜಿನ್ನಿನ ಪ್ರಶ್ನೆ ತಾನಾಗಿ ಸುಲಭವಾಗುತ್ತದೆ. ಎಷ್ಟು ನೂಕುಬಲ ಬೇಕು? ವರ್ತುಲ, ಉರುಳು, ಮಗುಚಿ ಹಾರುವುದು, ಇವುಗಳಿಗೆ ವಿಮಾನದ ತೂಕದ ಮುಕ್ಕಾಲರಷ್ಟು ಸಾಕು. ಬಾಣದಂತೆ ನೆಟ್ಟಗೆ ಏರುತ್ತಲೇ ಇರಬೇಕೆಂದರೆ ನೂಕುಬಲ ತೂಕವನ್ನು ಮೀರಬೇಕು. ನಮ್ಮ ಎರಡೂವರೆ ಕಿಲೋ ವಿಮಾನಕ್ಕೆ ಪೆಟ್ಟಿಗೆಯ ಮೇಲೆ 6.5 ಸಿಸಿಯ ಎರಡು ಹೊಡೆತದ ಎಂಜಿನ್ ಸಾಕೆಂದು ಬರೆದಿರಬಹುದು. ಗಾಳಿ ಕದ್ದುಕೊಂಡ ಏಳನೆಯ ಪಾಲನ್ನು ನೆನೆದು ನಾವು 7.5 ಸಿಸಿಯದನ್ನು ಆರಿಸಬೇಕು. ತಯಾರಕರು ಇವೆರಡನ್ನೂ ಅನೇಕ ವೇಳೆ ಒಂದೇ ಅಳತೆಯ ಕವಚದಲ್ಲಿ ಮಾಡುವುದರಿಂದ ತೂಕ ಹೆಚ್ಚುವುದಿಲ್ಲ, ಲಾಭವೆಲ್ಲ ನಮ್ಮದೇ. ಹಾಗೆಂದು 10 ಸಿಸಿಗೆ ಜಿಗಿದರೆ ಎಂಜಿನ್ ಭಾರ, ಟ್ಯಾಂಕು ಭಾರ, ಮೂಗು ಭಾರ; ಗೆದ್ದ ಬಲವನ್ನು ಭಾರವೇ ನುಂಗುತ್ತದೆ.

ಈ ಎಂಜಿನ್ನಿನ ಒಳಗುಟ್ಟು ಸ್ವಾರಸ್ಯಕರವಾದದ್ದು. ಗ್ಲೋ ಪ್ಲಗ್ಗಿನಲ್ಲಿ ಪ್ಲಾಟಿನಂ ಮಿಶ್ರಲೋಹದ ಸಣ್ಣ ಸುರುಳಿಯಿದೆ. ಮೊದಲು ಒಂದೂವರೆ ವೋಲ್ಟಿನ ಬ್ಯಾಟರಿಯಿಂದ ಅದನ್ನು ಕೆಂಪಗೆ ಕಾಯಿಸುತ್ತಾರೆ. ಎಂಜಿನ್ ಓಡಲಾರಂಭಿಸಿದ ಮೇಲೆ ಬ್ಯಾಟರಿ ತೆಗೆದರೂ ಸುರುಳಿ ಆರುವುದಿಲ್ಲ. ಮೆಥನಾಲ್ ಆವಿ ಪ್ಲಾಟಿನಂ ಸೋಕಿದಾಗ ನಡೆಯುವ ಕ್ರಿಯೆ ಅದನ್ನು ಕಾದಿರಿಸುತ್ತದೆ. ಇಂಧನದಲ್ಲಿ ಮೆಥನಾಲ್ ಮುಕ್ಕಾಲು ಪಾಲಿಗೆ ಕಡಿಮೆಯಿಲ್ಲ, ಐದರಲ್ಲೊಂದು ಪಾಲಿನಷ್ಟು ಎಣ್ಣೆ, ಕೆಲವೊಮ್ಮೆ ತುಸು ನೈಟ್ರೊಮೀಥೇನ್. ಆ ಎಣ್ಣೆ ಬಹುಕಾಲ ನಮ್ಮ ಹರಳೆಣ್ಣೆಯೇ ಆಗಿತ್ತು. ಎಷ್ಟು ಕಾದರೂ ಲೋಹವನ್ನು ಬಿಟ್ಟುಕೊಡದ ಗುಣ ಅದರದ್ದು. ಈಗ ಕೃತಕ ತೈಲಗಳೊಡನೆ ಬೆರಕೆಯಾಗಿ ಬರುತ್ತದೆ. ತೆಳುಗಾಳಿಯಲ್ಲಿ ಎಂಜಿನ್ ಸೇದುವ ಗಾಳಿ ಕಡಿಮೆಯಾದ್ದರಿಂದ ಇಂಧನವನ್ನೂ ಅಷ್ಟೇ ಕಡಿಮೆ ಮಾಡಬೇಕು. ಬೇರೆ ಊರಿನಲ್ಲಿ ಹೊಂದಿಸಿದ ಸೂಜಿಯನ್ನು ಇಲ್ಲಿ ಮತ್ತೆ ಹೊಂದಿಸದೆ ಹಾರಿಸಬಾರದು. ಪ್ರೊಪೆಲರನ್ನೂ ಒಂದಂಗುಲ ದೊಡ್ಡದಾಗಿಸಿ ನೋಡಬಹುದು.

ಲಾಗದ ಆಟದಲ್ಲಿ ಎಂಜಿನ್ನಿನ ಬಲಕ್ಕಿಂತ ಅದರ ನಂಬಿಕೆ ದೊಡ್ಡದು. ಬೆಂಗಳೂರಿನಲ್ಲಿ ತಯಾರಾದ ಎಚ್‌ಪಿಟಿ-32 ದೀಪಕ್ ಎಂಬ ತರಬೇತಿ ವಿಮಾನ 1977ರಲ್ಲಿ ಮೊದಲು ಹಾರಿತು. ವಾಯುಪಡೆಯ ಎಷ್ಟೋ ತರುಣರು ಅದರಲ್ಲೇ ಲಾಗ ಕಲಿತರು. ಹಾರುತ್ತಿರುವಾಗಲೇ ಎಂಜಿನ್ ನಿಲ್ಲುವ ತೊಂದರೆ ಅದನ್ನು ಬಿಡದೆ ಕಾಡಿತು, ಪ್ರಾಣಗಳು ಹೋದವು, 2009ರ ಅಪಘಾತದ ಬಳಿಕ ಅದರ ಹಾರಾಟವನ್ನೇ ನಿಲ್ಲಿಸಬೇಕಾಯಿತು. ನಮ್ಮ ಪುಟ್ಟ ವಿಮಾನದಲ್ಲಿ ಆಸನವಿಲ್ಲ, ಆದರೆ ಕೆಳಗೆ ಜನರಿದ್ದಾರೆ. ಆದ್ದರಿಂದ ಇಂಧನದ ದಾರಿಯನ್ನು ಎಂಜಿನ್ನಿನಷ್ಟೇ ಕಾಳಜಿಯಿಂದ ನೋಡಬೇಕು. ಟ್ಯಾಂಕಿನ ನಡುಗೆರೆ ಕಾರ್ಬ್ಯುರೇಟರಿನ ಸೂಜಿಯ ಮಟ್ಟಕ್ಕೋ ತುಸು ಕೆಳಕ್ಕೋ ಇರಬೇಕು. ಒಳಗಿನ ಮೆದು ಕೊಳವೆಯ ತುದಿಗೆ ಗುಂಡಿನ ತೂಕ ಕಟ್ಟಿರಬೇಕು. ವಿಮಾನ ಮಗುಚಿದಾಗ ಇಂಧನ ಯಾವ ಕಡೆ ಸರಿಯುವುದೋ ಗುಂಡೂ ಆ ಕಡೆ ಬಿದ್ದು ಹೀರುತ್ತದೆ. ಹಾರಿಸುವ ಮುನ್ನ ಒಂದು ಪರೀಕ್ಷೆ ಕಡ್ಡಾಯ: ಸಹಾಯಕ ವಿಮಾನವನ್ನು ಭದ್ರವಾಗಿ ಹಿಡಿದು, ಎಂಜಿನ್ ಪೂರ್ಣ ವೇಗದಲ್ಲಿರುವಾಗ ಮೂಗನ್ನು ನೆಟ್ಟಗೆ ಮೇಲೆತ್ತಬೇಕು. ಸದ್ದು ತುಸು ಏರಿ ಹಾಗೆಯೇ ನಿಂತರೆ ಸರಿ; ಬಾಡಿದರೆ ಇಂಧನ ಸಾಲದು, ಸೂಜಿಯನ್ನು ಬಿಚ್ಚಬೇಕು. ಅತ್ಯುಚ್ಚ ವೇಗದ ಆಸೆ ಬಿಟ್ಟು ಅದಕ್ಕಿಂತ ಒಂದು ಹದ ಕೆಳಗೆ ಹೊಂದಿಸಿದ ಎಂಜಿನ್ ಬಹುಕಾಲ ಬಾಳುತ್ತದೆ.

ಬೇರೆ ಬಗೆಗಳೂ ಇವೆ. ನಾಲ್ಕು ಹೊಡೆತದ ಎಂಜಿನ್ನಿನ ಧ್ವನಿ ಗಂಭೀರ, ಇಂಧನದ ಖರ್ಚು ಕಡಿಮೆ. ಆದರೆ ಅದೇ ಬಲಕ್ಕೆ 10ರಿಂದ 11 ಸಿಸಿ ಬೇಕು, ಬೆಲೆ ಹೆಚ್ಚು, ಕವಾಟಗಳ ಆರೈಕೆ ಬೇರೆ. ಪೆಟ್ರೋಲ್ ಎಂಜಿನ್ನಿಗೆ ಇಂಧನ ಊರ ಬಂಕಿನಲ್ಲೇ ಸಿಗುತ್ತದೆ. ಆದರೆ ಅದರ ಭಾರ, ಕಂಪನಗಳಿಗೆ ಇನ್ನೂ ದೊಡ್ಡ ವಿಮಾನವೇ ಬೇಕು. ಉಳಿದದ್ದು ವಿದ್ಯುತ್ ಮೋಟಾರು. ಇಂದು ವಿಶ್ವಸ್ಪರ್ಧೆಯ ಬಯಲಿನಲ್ಲೂ ಅದರದೇ ಮೇಲುಗೈ. ಲಾಗಕ್ಕೆ ಒಂದು ಕಿಲೋ ತೂಕಕ್ಕೆ 300ರಿಂದ 350 ವಾಟ್ ಎಂಬುದು ರೂಢಿಯ ಲೆಕ್ಕ. ನಮ್ಮ ವಿಮಾನಕ್ಕೆ ಸುಮಾರು 800 ವಾಟ್. ಲಿಥಿಯಂ ಪಾಲಿಮರ್ ಬ್ಯಾಟರಿಯ ಒಂದೊಂದು ಕೋಶ 3.7 ವೋಲ್ಟಿನದು, ಐದು ಕೋಶಗಳಿಗೆ 18.5 ವೋಲ್ಟ್. ಆಗ ಪೂರ್ಣಬಲದಲ್ಲಿ 43 ಆಂಪಿಯರ್ ಹರಿಯುತ್ತದೆ. 4 ಆಂಪಿಯರ್-ಗಂಟೆಯ ಬ್ಯಾಟರಿ, ಬಲವನ್ನು ಏರಿಸಿ ಇಳಿಸಿ ಆಡಿದರೆ ಏಳೆಂಟು ನಿಮಿಷಕ್ಕೆ ಬರುತ್ತದೆ. ಮೋಟಾರು ಉಸಿರಾಡುವುದಿಲ್ಲವಾದ್ದರಿಂದ ತೆಳುಗಾಳಿ ಅದನ್ನು ಬಡವಾಗಿಸುವುದಿಲ್ಲ. ಪ್ರೊಪೆಲರನ್ನು ತುಸು ದೊಡ್ಡದಾಗಿಸಿದರೆ ಕಳೆದುಕೊಂಡದ್ದು ಬಹುಮಟ್ಟಿಗೆ ಮರಳುತ್ತದೆ. ವಿಮಾನ ಹೇಗೆ ತಿರುಗಿದರೂ ಅದು ನಿಲ್ಲುವುದಿಲ್ಲ.

ನನ್ನ ಮನಸ್ಸು ಎಂಜಿನ್ನಿನ ಕಡೆಗಿದೆ; ನನ್ನ ಸಲಹೆ ಮೋಟಾರಿನ ಕಡೆಗಿದೆ. ಕಾರಣ ಮೆಥನಾಲ್. ಅದು ಸುಲಭವಾಗಿ ಹೊತ್ತಿಕೊಳ್ಳುವ ದ್ರವ. ರೈಲಿನಲ್ಲಿ ಬೆಂಗಳೂರಿನಿಂದ ಅರಸೀಕೆರೆಗೆ ಡಬ್ಬಿಯಲ್ಲಿಟ್ಟು ತರುವಂಥದಲ್ಲ. ಅದರ ಉರಿ ಹಗಲಿನ ಬೆಳಕಿನಲ್ಲಿ ಕಣ್ಣಿಗೆ ಕಾಣುವುದಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ ಅದು ವಿಷ. ಅಲ್ಪ ಪ್ರಮಾಣವೂ ಕಣ್ಣು ಕಳೆಯುತ್ತದೆ, ತುಸು ಹೆಚ್ಚಾದರೆ ಪ್ರಾಣ ಹೋಗುತ್ತದೆ. 1981ರಲ್ಲಿ ಬೆಂಗಳೂರಿನಲ್ಲಿ ಕಳ್ಳಬಟ್ಟಿ ಕುಡಿದು ನೂರಾರು ಬಡವರು ಸತ್ತದ್ದು ಅದರಲ್ಲಿ ಬೆರೆತ ಇದೇ ವಿಷದಿಂದ. ಹೆಸರು ಬರೆಯದ ಸೀಸೆಯಲ್ಲಿ ಅದನ್ನು ಮನೆಯಲ್ಲಿಡುವುದು ಅಕ್ಷಮ್ಯ. ಬ್ಯಾಟರಿಯೂ ಸಾಧುವಲ್ಲ, ಏಟು ತಿಂದು ಉಬ್ಬಿದ್ದು, ತಪ್ಪಾಗಿ ಚಾರ್ಜ್ ಮಾಡಿದ್ದು ಬೆಂಕಿ ಹೊತ್ತೀತು. ಆದ್ದರಿಂದ ಕಾವಲಿಲ್ಲದೆ ಚಾರ್ಜ್ ಮಾಡಬಾರದು, ಬಿಸಿಲಿಗೆ ನಿಂತ ಕಾರಿನಲ್ಲಿ ಬಿಡಬಾರದು. ಆದರೂ ಎರಡು ಕೆಡುಕುಗಳಲ್ಲಿ ನಮ್ಮ ಊರುಗಳ ಮನೆಗಳಿಗೆ ಬ್ಯಾಟರಿಯೇ ಮೇಲು. ಅನುಭವಿಯ ಪಕ್ಕದಲ್ಲಿ ನಿಂತು ಕಲಿಯುವ ಅವಕಾಶವುಳ್ಳವರು, ಇಡೀ ದಿನ ಹಾರಿಸಬಯಸುವವರು ಎಂಜಿನ್ನಿಗೆ ಹೋಗಲಿ.

ಹಣದ ಹಂಚಿಕೆಯಲ್ಲೂ ಒಂದು ನೀತಿಯಿದೆ. ವಿಮಾನ ನಶ್ವರ, ಇಂದಲ್ಲ ನಾಳೆ ಮುರಿಯುತ್ತದೆ. ಮೋಟಾರು ಅಥವಾ ಎಂಜಿನ್ ಎರಡು ಮೂರು ವಿಮಾನಗಳ ಆಯುಷ್ಯ ಕಾಣುತ್ತದೆ. ರೇಡಿಯೋ ಎಲ್ಲಕ್ಕಿಂತ ಹೆಚ್ಚು ಬಾಳುತ್ತದೆ. ಆದ್ದರಿಂದ ಮೊದಲ ಹಣ ರೇಡಿಯೋಗೆ, ಎರಡನೆಯದು ಶಕ್ತಿಗೆ, ಕಡೆಯದು ಮೈಗೆ. ಹಿಂದಿನ ಕಾಲದ ರೇಡಿಯೋಗಳಲ್ಲಿ ಇಬ್ಬರು ಒಂದೇ ಅಲೆಯಲ್ಲಿ ನುಡಿದರೆ ಒಂದು ವಿಮಾನ ನೆಲಕ್ಕೆ ಬೀಳುತ್ತಿತ್ತು. ಇಂದಿನ 2.4 ಗಿಗಾಹರ್ಟ್ಸ್ ರೇಡಿಯೋಗಳಲ್ಲಿ ಪ್ರತಿ ಪ್ರೇಷಕಕ್ಕೂ ತನ್ನ ಗ್ರಾಹಕದೊಡನೆ ಮಾತ್ರ ಗುಟ್ಟಿನ ಮಾತು. ಸಂಪರ್ಕ ಕಡಿದರೆ ಮೋಟಾರು ತಾನೇ ನಿಲ್ಲುವಂತೆ ಹೊಂದಿಸುವುದನ್ನು ಮಾತ್ರ ಮರೆಯಬಾರದು.

ಮೊದಲು ಹೇಳುತ್ತೇನೆಂದದ್ದು ಉಳಿದಿದೆ. ಹನ್ನೊಂದು ಅಂಗುಲದ ಪ್ರೊಪೆಲರ್ ನಿಮಿಷಕ್ಕೆ ಹನ್ನೊಂದೂವರೆ ಸಾವಿರ ಸುತ್ತು ತಿರುಗುವಾಗ ಅದರ ತುದಿಯ ವೇಗ ಗಂಟೆಗೆ 600 ಕಿಲೋಮೀಟರ್. ಅದು ಬೆರಳನ್ನು ಗಾಯ ಮಾಡುವುದಿಲ್ಲ, ತೆಗೆದುಬಿಡುತ್ತದೆ. ಎರಡೂವರೆ ಕಿಲೋ ವಿಮಾನ ಗಂಟೆಗೆ 90 ಕಿಲೋಮೀಟರ್ ವೇಗದಲ್ಲಿ ಹೊತ್ತ ಶಕ್ತಿ ಎಷ್ಟೆಂದು ಅರಸೀಕೆರೆಯವರಿಗೆ ತಿಳಿಯುವ ಮಾತಿನಲ್ಲಿ ಹೇಳಬೇಕೆಂದರೆ, ಇಪ್ಪತ್ತು ಮೀಟರ್ ಎತ್ತರದ ಮರದಿಂದ ಬೀಳುವ ಒಂದೂವರೆ ಕಿಲೋ ತೆಂಗಿನಕಾಯಿಯ ಪೆಟ್ಟಿನ ಎರಡೂವರೆ ಪಟ್ಟಿಗೂ ಮಿಗಿಲು. ಅಂಥ ಒಂದೇ ಕಾಯಿಗೆ ಹೆದರಿ ನಾವು ಮರದ ಕೆಳಗೆ ತೊಟ್ಟಿಲು ಕಟ್ಟುವುದಿಲ್ಲ. ಆದ್ದರಿಂದ ವಿಮಾನ ಜನರ ತಲೆಯ ಮೇಲೆ, ರಸ್ತೆಯ ಮೇಲೆ, ದನ ಮೇಯುವ ಕಡೆ ಎಂದೂ ಹೋಗಕೂಡದು. ನೋಡಲು ಬಂದ ಮಕ್ಕಳು ಆಟಗಾರನ ಬೆನ್ನ ಹಿಂದೆ ನಿಲ್ಲಬೇಕು; ಆಟವೆಲ್ಲ ಅವನ ಮುಂದಿನ ಬಾನಿನಲ್ಲೇ ನಡೆಯಬೇಕು.

ಇಷ್ಟನ್ನು ಒಪ್ಪಿದವನಿಗೆ ಆಯ್ಕೆ ಚಿಕ್ಕ ಪಟ್ಟಿಯಾಗುತ್ತದೆ: ಒಂದೂವರೆ ಮೀಟರಿನ ಸಮಾಂಗ ರೆಕ್ಕೆಯ ಸ್ಟಿಕ್ ಬಗೆಯ ವಿಮಾನ, ಎರಡೂವರೆ ಕಿಲೋ ಮೀರದ ತೂಕ, 800 ವಾಟಿನ ಮೋಟಾರು ಅಥವಾ 7.5 ಸಿಸಿಯ ಎಂಜಿನ್, ನೆಚ್ಚಬಹುದಾದ ರೇಡಿಯೋ. ಕೊಂಡ ಮೇಲೂ ತಿಂಗಳೊಪ್ಪತ್ತು ಕಂಪ್ಯೂಟರಿನ ಪರದೆಯ ಮೇಲೆ ಅಭ್ಯಾಸ ಮಾಡಲಿ. ವಿಮಾನ ಮಗುಚಿದಾಗ ಮೇಲೆಂಬುದು ಕೆಳಗಾಗುವ ಲೆಕ್ಕವನ್ನು ಬೆರಳುಗಳು ಅಲ್ಲಿ ಪುಕ್ಕಟೆಯಾಗಿ ಕಲಿಯುತ್ತವೆ. ಆಮೇಲೆ ಒಂದು ಬೆಳಗ್ಗೆ, ಗಾಳಿ ಏಳುವ ಮುನ್ನ, ಸಾಕಷ್ಟು ಎತ್ತರಕ್ಕೆ ಒಯ್ದು ಒಂದೇ ಒಂದು ಉರುಳು ಹಾಕಿಸಿ, ನೆಟ್ಟಗೆ ಮಾಡಿ, ಕೆಳಗಿಳಿಸಲಿ. ಎರಡನೆಯದನ್ನು ಎರಡನೆಯ ಹಾರಾಟಕ್ಕೆ ಇಟ್ಟುಕೊಳ್ಳುವ ತಾಳ್ಮೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಅದನ್ನು ಮಾತ್ರ ಆಟಗಾರನೇ ತರಬೇಕು.